ಕುಡಾ ಮ್ಯಾನೇಜ್ಡ್ ಮೆಮೊರಿ: ಕಾರ್ಡಿನ ಮೇಲೆ ಒಂದು ನಡತೆ, ಬೋರ್ಡಿನ ಮೇಲೆ ಇನ್ನೊಂದು

ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಅಂದರೆ ಸಿಪಿಯು, ಜಿಪಿಯು (ಗ್ರಾಫಿಕ್ಸ್ ಚಿಪ್ಪು) ಎರಡೂ ಮುಟ್ಟಬಹುದಾದ ಮ್ಯಾನೇಜ್ಡ್ ಮೆಮೊರಿ ಕೊಡುವ ಫಂಕ್ಷನ್. ಅದಕ್ಕೆ ಬೇರೆ ರೊಕ್ಕ ಕೊಡಬೇಕಾಗಿಲ್ಲ. ಎನ್‌ವಿಡಿಯಾದ ಕುಡಾ ಟೂಲ್‌ಕಿಟ್ (ಜಿಪಿಯು ಮೇಲೆ ಓಡುವ ಪ್ರೋಗ್ರಾಂ ಬರೆಯುವ ಸಲಕರಣೆ) ಇಳಿಸಿಕೊಂಡರೆ ಅದರ ಜೊತೆಗೇ ಪುಕ್ಕಟೆ ಬರುತ್ತದೆ. ಪುಕ್ಕಟೆ ಸಿಕ್ಕದ್ದಕ್ಕೆ ಇಷ್ಟುದ್ದ ವಿಮರ್ಶೆ ಯಾಕೆ ಅಂದರೆ, ಅದನ್ನು ಓಡಿಸುವ ಯಂತ್ರ ಪುಕ್ಕಟೆ ಬರುವುದಿಲ್ಲ. ಇದೇ ಫಂಕ್ಷನ್ ಒಂದೊಂದು ಯಂತ್ರದ ಮೇಲೆ ಒಂದೊಂದು ಥರ ನಡೆದುಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಗ್ರಾಫಿಕ್ಸ್ ಕಾರ್ಡು ತಗೊಳ್ಳಬೇಕೋ, ಸಿಪಿಯು, ಜಿಪಿಯು ಒಂದರಲ್ಲೇ ಇರುವ ಜೆಟ್ಸನ್ ಅನ್ನುವ ಸಣ್ಣ ಬೋರ್ಡು ತಗೊಳ್ಳಬೇಕೋ, ಕಂಪ್ಯೂಟರಿಗೆ ವಿಂಡೋಸ್ ಹಾಕಬೇಕೋ, ಉಬುಂಟು ಹಾಕಬೇಕೋ ಅಂತ ನಿರ್ಧರಿಸಲು ಆಗುವುದಿಲ್ಲ. ನಾವು ಕಾರ್ಡು, ಬೋರ್ಡು ಎರಡರ ಮೇಲೂ ಓಡಿಸಿದ್ದೇವೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಂದು ಸಣ್ಣ ಶೆಡ್ಡು. ಒಣ ಮೆಣಸಿನಕಾಯಿ ವಿಂಗಡಿಸುವ ಯಂತ್ರ ಮಾಡುತ್ತೇವೆ. ಬೆಲ್ಟಿನ ಮೇಲೆ ಕಾಯಿ ಹರಿದು ಬರುತ್ತವೆ, ಮೇಲಿನಿಂದ ಕ್ಯಾಮೆರಾ ನೋಡುತ್ತದೆ, ಬಣ್ಣ ಬಿಳಿಚಿದ ಕಾಯಿ, ಮುರಿದ ಕಾಯಿ, ಬಿಡಿ ತೊಟ್ಟು ಕಂಡರೆ ಬೆಲ್ಟಿನ ತುದಿಯಲ್ಲಿ ಗಾಳಿಯ ನಳಿಕೆ ಊದಿ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಗಿರಾಕಿಗಳು ಹೆಚ್ಚಾಗಿ ಬ್ಯಾಡಗಿಯವರು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಅದರ ಡಬ್ಬಿ, ಕಡ್ಡಿ ಅನ್ನುವ ಎರಡೂ ಬಗೆ ಸುಕ್ಕು ಸುಕ್ಕು. ಆ ಸುಕ್ಕಿನ ನೆರಳು ಎಲ್ಲಿ, ನಿಜವಾಗಿ ಬಣ್ಣ ಹೋದದ್ದು ಎಲ್ಲಿ ಅಂತ ಬೇರ್ಪಡಿಸುವುದೇ ಕೆಲಸದ ತಿರುಳು. ಪ್ರತಿ ಪಿಕ್ಸೆಲಿಗೂ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಬೇಕು. ಇದಕ್ಕೆ ಜಿಪಿಯು ಬೇಕು. ಯಾವ ನಳಿಕೆ ಯಾವಾಗ ಊದಬೇಕು ಅನ್ನುವುದನ್ನು ಮಾತ್ರ ಸಿಪಿಯು ನೋಡಿಕೊಳ್ಳುತ್ತದೆ. ಅಂದರೆ ಒಂದೇ ಚಿತ್ರವನ್ನು ಇಬ್ಬರೂ ಮುಟ್ಟಬೇಕು, ಸೆಕೆಂಡಿಗೆ 60 ಸಲ.

ಹಳೆಯ ಪದ್ಧತಿಯಲ್ಲಿ ಇದಕ್ಕೆ ಎರಡು ಬಫರ್, ಅಂದರೆ ಡೇಟಾ ಇಡುವ ಜಾಗ, ಇಟ್ಟುಕೊಳ್ಳಬೇಕಿತ್ತು. ರ್ಯಾಮ್‌ನಲ್ಲಿ ಮ್ಯಾಲಾಕ್ ಮಾಡಿದ್ದು ಒಂದು, ಕಾರ್ಡಿನ ಮೆಮೊರಿಯಲ್ಲಿ ಕುಡಾಮ್ಯಾಲಾಕ್ ಮಾಡಿದ್ದು ಇನ್ನೊಂದು, ಇವೆರಡರ ನಡುವೆ ನಕಲು ಮಾಡಲು ಕುಡಾಮೆಮ್‌ಕಾಪಿ. ಒಂದು ಪಾಯಿಂಟರಿನ, ಅಂದರೆ ಮೆಮೊರಿಯ ವಿಳಾಸದ, ಹೆಸರಿನ ಮುಂದೆ ಎಚ್ (ಹೋಸ್ಟ್, ಸಿಪಿಯು ಕಡೆಯದು), ಇನ್ನೊಂದರ ಮುಂದೆ ಡಿ (ಡಿವೈಸ್, ಜಿಪಿಯು ಕಡೆಯದು). ಇವು ಅದಲುಬದಲಾದರೆ ಪ್ರೋಗ್ರಾಂ ಬೀಳುತ್ತದೆ. ಬಿದ್ದರೆ ಪುಣ್ಯ. ಬೀಳದೆ ಹಿಂದಿನ ಫ್ರೇಮಿನ ಚಿತ್ರವನ್ನೇ ಮತ್ತೆ ನೋಡುತ್ತ ತಪ್ಪು ಕಾಯಿಗೆ ಗಾಳಿ ಊದಿದರೆ, ಅದನ್ನು ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ. 2014ರಲ್ಲಿ ಬಂದ ಕುಡಾ 6 ಈ ಜಂಜಾಟಕ್ಕೆ ಒಂದು ಉತ್ತರ ಕೊಟ್ಟಿತು. ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಅಂತ ಕರೆದರೆ ಒಂದೇ ಪಾಯಿಂಟರ್ ಸಿಗುತ್ತದೆ, ಅದನ್ನು ಸಿಪಿಯು ಕೂಡ ಓದಬಹುದು, ಜಿಪಿಯು ಕೂಡ ಓದಬಹುದು. ಯಾರು ಮುಟ್ಟಿದರೆ ಅವರ ಕಡೆ ಡೇಟಾ ತಾನಾಗಿ ಹೋಗುತ್ತದೆ. ಸಾಗಿಸುವ ಜವಾಬ್ದಾರಿ ಡ್ರೈವರಿನದು, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನದು.

ಕಲಿಯುವವರಿಗೆ ಇದಕ್ಕಿಂತ ಛಲೋ ದಾರಿ ಇಲ್ಲ. ನಮ್ಮಲ್ಲಿಗೆ ಇಂಟರ್ನ್‌ಶಿಪ್ಪಿಗೆ ಬಂದ ಹುಡುಗನಿಗೆ ಸಿ ಬರುತ್ತಿತ್ತು, ಕುಡಾ ಬರುತ್ತಿರಲಿಲ್ಲ. ಮ್ಯಾಲಾಕ್ ಇದ್ದಲ್ಲಿ ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಬರಿ, ಫ್ರೀ ಇದ್ದಲ್ಲಿ ಕುಡಾಫ್ರೀ ಬರಿ, ಜಿಪಿಯು ಕೆಲಸ ಮುಗಿಯುವ ತನಕ ಕಾಯಲು ಕುಡಾಡಿವೈಸ್‌ಸಿಂಕ್ರೊನೈಸ್ ಹಾಕು ಅಂತ ಹೇಳಿಕೊಟ್ಟೆ. ಮಧ್ಯಾಹ್ನದೊಳಗೆ ಅವನ ಪ್ರೋಗ್ರಾಂ ಮೆಣಸಿನಕಾಯಿಯ ಫೋಟೋದಲ್ಲಿ ಕೆಂಪು ಎಷ್ಟಿದೆ ಅಂತ ಎಣಿಸುತ್ತಿತ್ತು. "ಇಷ್ಟ ಏನ್ರಿ ಮೇಡಂ?" ಅಂದ. ಅಲ್ಲಿಗೆ ಅಷ್ಟೇ. ಸಿಂಕ್ರೊನೈಸ್ ಒಂದು ಬಿಟ್ಟರೆ ಉತ್ತರ ಕೆಲವೊಮ್ಮೆ ಸರಿ, ಕೆಲವೊಮ್ಮೆ ಪೂಜ್ಯ ಬರುತ್ತದೆ ಅನ್ನುವುದಷ್ಟೇ ಇಲ್ಲಿ ನೆನಪಿಡಬೇಕಾದ್ದು. ಕರ್ನಲ್, ಅಂದರೆ ಜಿಪಿಯು ಮೇಲೆ ಓಡುವ ಫಂಕ್ಷನ್, ಶುರುವಾದ ತಕ್ಷಣ ಸಿಪಿಯು ತನ್ನ ದಾರಿ ಹಿಡಿದು ಮುಂದೆ ಹೋಗಿಬಿಡುತ್ತದೆ.

ಈಗ ವೇಗದ ಮಾತು.

ಶೆಡ್ಡಿನ ಕಂಪ್ಯೂಟರಿನಲ್ಲಿರುವುದು ಆರ್‌ಟಿಎಕ್ಸ್ 3060, 12 ಜಿಬಿಯದು. 3584 ಕುಡಾ ಕೋರ್, ಕಾರ್ಡಿನೊಳಗೆ ಸೆಕೆಂಡಿಗೆ 360 ಜಿಬಿ ಓದುವ ಮೆಮೊರಿ. ಆದರೆ ಮದರ್‌ಬೋರ್ಡಿನ ರ್ಯಾಮ್‌ನಿಂದ ಕಾರ್ಡಿಗೆ ಹೋಗುವ ದಾರಿ ಪಿಸಿಐ ಎಕ್ಸ್‌ಪ್ರೆಸ್. ನಾಲ್ಕನೇ ತಲೆಮಾರಿನ 16 ಲೇನ್ ಇದ್ದರೂ ಕಾಗದದ ಮೇಲೆ ಒಂದು ದಿಕ್ಕಿಗೆ ಸುಮಾರು 32 ಜಿಬಿ. ನಮ್ಮ ಫ್ರೇಮು 1920 × 1200, ಪಿಕ್ಸೆಲಿಗೆ 3 ಬೈಟು: ಒಟ್ಟು 69 ಲಕ್ಷ ಬೈಟಿಗೆ ತುಸು ಹೆಚ್ಚು. ಆ ದಾರಿಯ ಅರ್ಧ ವೇಗ ಸಿಕ್ಕಿತು ಅಂತಿಟ್ಟುಕೊಂಡರೂ ಒಂದು ಫ್ರೇಮು ಅರ್ಧ ಮಿಲಿಸೆಕೆಂಡಿನೊಳಗೆ ದಾಟುತ್ತದೆ. ಫ್ರೇಮಿಗೆ ನಮಗಿರುವ ಸಮಯ 16 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಂದರೆ ಕಾಪಿ ಮಾಡುವುದೇ ದೊಡ್ಡ ಖರ್ಚು ಅಂತ ಎಲ್ಲರೂ ಹೇಳುವುದು ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಕೈಯಿಂದ ಮೆಮ್‌ಕಾಪಿ ಬರೆದಾಗ ಯಂತ್ರ ಆರಾಮಾಗಿ ಓಡುತ್ತಿತ್ತು. ಅದೇ ಪ್ರೋಗ್ರಾಮನ್ನು ಮ್ಯಾನೇಜ್ಡ್ ಮೆಮೊರಿಗೆ ಬದಲಿಸಿದಾಗ ನಿಧಾನವಾಯಿತು. ಕಾಪಿ ತೆಗೆದುಹಾಕಿದ ಮೇಲೆ ನಿಧಾನ!

ಎನ್‌ಸೈಟ್ ಸಿಸ್ಟಮ್ಸ್ ಅನ್ನುವ ಪ್ರೊಫೈಲರಿನಲ್ಲಿ, ಅಂದರೆ ಪ್ರೋಗ್ರಾಮಿನ ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಸಲಕರಣೆಯಲ್ಲಿ, ಪೇಜ್ ಫಾಲ್ಟ್ ತೋರಿಸುವ ಆಯ್ಕೆ ಹಾಕಿ ನೋಡಿದರೆ ಕಾರಣ ಕಣ್ಣಿಗೆ ಕಾಣುತ್ತದೆ. 2016ರ ಪ್ಯಾಸ್ಕಲ್ ತಲೆಮಾರಿನಿಂದ ಈಚೆಗೆ ಜಿಪಿಯುಗೆ ಪೇಜ್ ಫಾಲ್ಟ್ ಮಾಡುವ ಸೌಲಭ್ಯ ಬಂದಿದೆ. ತನ್ನ ಮೆಮೊರಿಯಲ್ಲಿ ಇಲ್ಲದ ಪುಟ (ಮೆಮೊರಿಯ ಒಂದು ತುಂಡು) ಮುಟ್ಟಿದಾಗ ಅದು ನಿಂತು, ಡ್ರೈವರನ್ನು ಕರೆದು, ಪುಟ ತರಿಸಿಕೊಂಡು ಮುಂದುವರಿಯುತ್ತದೆ. ಆ ಒಂದೊಂದು ಕರೆಗೂ ಹತ್ತಾರು ಮೈಕ್ರೋಸೆಕೆಂಡ್ ಹೋಗುತ್ತದೆ, ಅಷ್ಟು ಹೊತ್ತು ಆ ಪುಟಕ್ಕೆ ಕಾದಿರುವ ಥ್ರೆಡ್ಡುಗಳು, ಅಂದರೆ ಜಿಪಿಯು ಒಟ್ಟಿಗೆ ಓಡಿಸುವ ಲೆಕ್ಕದ ಎಳೆಗಳು, ಸುಮ್ಮನೆ ನಿಂತಿರುತ್ತವೆ. ನಮ್ಮ ಒಂದು ಫ್ರೇಮು 64 ಕೆಬಿ ತುಂಡು ಮಾಡಿದರೆ 106 ತುಂಡು. ಡ್ರೈವರು ದಡ್ಡ ಏನಲ್ಲ. ಒಂದು ಪುಟ ಕೇಳಿದರೆ ಅಕ್ಕಪಕ್ಕದ್ದನ್ನೂ ಸೇರಿಸಿ 2 ಎಂಬಿವರೆಗೆ ಒಟ್ಟಿಗೆ ಎಳೆದು ತರುತ್ತದೆ. ಆದರೂ ಫ್ರೇಮಿಗೊಮ್ಮೆ ಹೋಗುವಾಗ ಫಾಲ್ಟು, ಫಲಿತಾಂಶ ಓದಲು ಸಿಪಿಯು ಮುಟ್ಟಿದಾಗ ಬರುವಾಗ ಫಾಲ್ಟು, ಮುಂದಿನ ಫ್ರೇಮು ಬರೆಯುವಾಗ ಮತ್ತೆ ಫಾಲ್ಟು. ಫಲಿತಾಂಶದ ನಾಲ್ಕು ಅಂಕಿಯನ್ನು ಫ್ರೇಮಿನ ಬಫರಿನ ತುದಿಗೇ ಅಂಟಿಸಿ ಇಟ್ಟಿದ್ದರೆ ಇನ್ನೂ ಕಷ್ಟ, ಆ ನಾಲ್ಕು ಅಂಕಿಗಾಗಿ ಇಡೀ ಪುಟ ಅತ್ತಿಂದಿತ್ತ ಓಡಾಡುತ್ತದೆ.

ಯಂತ್ರ ನೋಡಲು ಬಂದಿದ್ದ ಬ್ಯಾಡಗಿಯ ದಲಾಲಿ ಅಂಗಡಿಯ ಸಾಹುಕಾರರು ಆ ಪರದೆ ನೋಡಿ ಏನಿದು ಅಂತ ಕೇಳಿದರು. ತಿಳಿದಷ್ಟು ಹೇಳಿದೆ. "ಅಲ್ಲವಾ ತಂಗಿ, ಒಂದ ಕಾಯಿ ತೋರಸು ಅಂದ್ರ ಹಮಾಲ ಪೂರಾ ಚೀಲ ಹೊತಗೊಂಡ ಬಂದಂಗಾತು," ಅಂದರು. "ಆ ಕಡೆಯಾಂವ ಕೇಳಿದ್ರ ಅದ ಚೀಲ ಹೊಳ್ಳಿ ಅಲ್ಲಿಗೆ." ಬರೋಬ್ಬರಿ ಅದೇ. ಎನ್‌ವಿಡಿಯಾದ ಕೈಪಿಡಿಯಲ್ಲಿ ಇಷ್ಟು ಸರಳವಾಗಿ ಎಲ್ಲೂ ಬರೆದಿಲ್ಲ.

ಇದಕ್ಕೆ ಮದ್ದು ಕುಡಾ 8ರಲ್ಲೇ ಬಂದಿದೆ. ಕುಡಾಮೆಮ್‌ಪ್ರಿಫೆಚ್‌ಅಸಿಂಕ್ ಅಂತ ಕರೆದು, ಈ ಬಫರು ಇನ್ನು ಸ್ವಲ್ಪ ಹೊತ್ತಿಗೆ ಜಿಪಿಯುಗೆ ಬೇಕಾಗುತ್ತದೆ, ಮೊದಲೇ ಸಾಗಿಸು ಅಂತ ಹೇಳಬಹುದು. ಕುಡಾಮೆಮ್‌ಅಡ್ವೈಸ್ ಅಂತ ಇನ್ನೊಂದಿದೆ. ಅದರಲ್ಲಿ ಮೂರು ಬಗೆಯ ಸೂಚನೆ ಕೊಡಬಹುದು. ಇದನ್ನು ಹೆಚ್ಚಾಗಿ ಓದುವುದೇ ಇದೆ, ಎರಡೂ ಕಡೆ ಒಂದೊಂದು ಪ್ರತಿ ಇರಲಿ. ಇದರ ಖಾಯಂ ಜಾಗ ಇದು. ಇದನ್ನು ಇಂಥವರು ಮುಟ್ಟುತ್ತಾರೆ, ಫಾಲ್ಟ್ ಆಗದಂತೆ ಅವರಿಗೆ ದಾರಿ ಮಾಡಿಕೊಡು. ನಮ್ಮ ಬಣ್ಣದ ಕೋಷ್ಟಕಕ್ಕೆ, ಅಂದರೆ ಯಾವ ಕೆಂಪು ಡಬ್ಬಿಗೆ ಸರಿ, ಯಾವುದು ಬಿಳಿಚಿದ್ದು ಅನ್ನುವ ಪಟ್ಟಿಗೆ, ಮೊದಲನೆಯ ಸೂಚನೆ ಹೇಳಿ ಮಾಡಿಸಿದಂತಿದೆ. ಸುಗ್ಗಿ ಶುರುವಿನಲ್ಲಿ ಒಮ್ಮೆ ತುಂಬಿದರೆ ಮತ್ತೆ ಬರೆಯುವುದಿಲ್ಲ. ಬರೆದರೆ ಮಾತ್ರ ಆ ಪುಟದ ಉಳಿದ ಪ್ರತಿ ರದ್ದಾಗುತ್ತದೆ, ಆಗ ಹೊಸದಾಗಿ ಫಾಲ್ಟು.

ಪ್ರಿಫೆಚ್ ಹಾಕಿದ ಮೇಲೆ ವೇಗ ಹಳೆಯ ಮೆಮ್‌ಕಾಪಿಯ ಹತ್ತಿರಕ್ಕೆ ಬಂತು. ಆಗ ನಮ್ಮ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಈ ವಿಮರ್ಶೆ ಮುಂದೆ ಹೋಗುವಂತಿಲ್ಲ. "ಮೇಡಂ, ಕಾಪಿ ಬರಿಯೋದ ಬ್ಯಾಡ ಅಂತ ಇದನ್ನ ತಗೊಂಡ್ವಿ. ಈಗ ಕಾಪಿ ಇದ್ದಲ್ಲೆಲ್ಲಾ ಪ್ರಿಫೆಚ್ ಬರಿಯಾಕತ್ತೀವಿ. ಏನ್ ಉಳೀತ್ರಿ?" ಮೇಲುನೋಟಕ್ಕೆ ಏನೂ ಉಳಿಯಲಿಲ್ಲ. ಆದರೆ ಒಂದು ವ್ಯತ್ಯಾಸವಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಒಂದು ಮೆಮ್‌ಕಾಪಿ ಬರೆಯಲು ಮರೆತರೆ ಉತ್ತರ ತಪ್ಪುತ್ತದೆ. ಒಂದು ಪ್ರಿಫೆಚ್ ಬರೆಯಲು ಮರೆತರೆ ಪ್ರೋಗ್ರಾಂ ನಿಧಾನವಾಗುತ್ತದೆ, ಉತ್ತರ ಸರಿಯಾಗಿಯೇ ಇರುತ್ತದೆ. ನಿಧಾನವಾದದ್ದು ಪ್ರೊಫೈಲರಿನಲ್ಲಿ ಕಾಣುತ್ತದೆ, ತಪ್ಪಿದ ಉತ್ತರ ಗಿರಾಕಿಯ ಚೀಲದಲ್ಲಿ ಕಾಣುತ್ತದೆ. ಸಣ್ಣ ಕಂಪನಿ, ಪರೀಕ್ಷೆ ಮಾಡಲು ಬೇರೆ ಜನ ಇಲ್ಲ, ಕೋಡು ವಾರವಾರ ಬದಲಾಗುತ್ತದೆ. ಇಂಥಲ್ಲಿ ನಿಧಾನವಾಗುವ ತಪ್ಪನ್ನೇ ನಾನು ಆರಿಸಿಕೊಳ್ಳುತ್ತೇನೆ.

ಇನ್ನು ಮ್ಯಾನೇಜ್ಡ್ ಮೆಮೊರಿ ಎದೆತಟ್ಟಿ ಗೆಲ್ಲುವ ಎರಡು ಜಾಗ ಹೇಳುತ್ತೇನೆ. ಒಂದು, ಪಾಯಿಂಟರಿನೊಳಗೆ ಪಾಯಿಂಟರ್ ಇರುವ ರಚನೆಗಳು. ನಮ್ಮಲ್ಲಿ ಕಾಯಿಯ ಆಕಾರ ನೋಡಿ ತೀರ್ಮಾನಿಸುವ ಮರಗಳಿವೆ. ಒಂದು ಗಂಟಿನಿಂದ ಎಡಕ್ಕೊಂದು ಬಲಕ್ಕೊಂದು ಕೊಂಡಿ. ಇದನ್ನು ಹಳೆಯ ಪದ್ಧತಿಯಲ್ಲಿ ಕಾರ್ಡಿಗೆ ಕಳಿಸಬೇಕೆಂದರೆ ಪ್ರತಿ ಗಂಟನ್ನೂ ಬೇರೆ ಬೇರೆ ಕಾಪಿ ಮಾಡಿ, ಒಳಗಿನ ಪ್ರತಿ ಕೊಂಡಿಯನ್ನೂ ಹೊಸ ವಿಳಾಸಕ್ಕೆ ತಿದ್ದಬೇಕು. ಮ್ಯಾನೇಜ್ಡ್‌ನಲ್ಲಿ ವಿಳಾಸ ಇಬ್ಬರಿಗೂ ಒಂದೇ, ತಿದ್ದುವ ಮಾತೇ ಇಲ್ಲ. ಸಿ ಪ್ಲಸ್ ಪ್ಲಸ್ ಬರೆಯುವವರು ನ್ಯೂ, ಡಿಲೀಟ್ ಎರಡನ್ನೂ ಒಂದು ಬೇಸ್ ಕ್ಲಾಸಿನಲ್ಲಿ ಓವರ್‌ಲೋಡ್ ಮಾಡಿ ಒಳಗೆ ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಕರೆದರೆ ಆಯಿತು, ಅದರಿಂದ ಹುಟ್ಟುವ ಕ್ಲಾಸುಗಳೆಲ್ಲ ತಾವಾಗಿ ಎರಡೂ ಕಡೆ ಕಾಣುತ್ತವೆ. ಇದೊಂದಕ್ಕಾಗಿಯೇ ನಾನು ಈ ಸೌಲಭ್ಯಕ್ಕೆ ಕೈ ಮುಗಿಯುತ್ತೇನೆ.

ಎರಡನೆಯದು, ಕಾರ್ಡಿನ ಮೆಮೊರಿಗಿಂತ ದೊಡ್ಡ ಡೇಟಾ. 12 ಜಿಬಿ ಕಾರ್ಡಿನ ಮೇಲೆ 20 ಜಿಬಿ ಕೇಳಿದರೆ ಕುಡಾಮ್ಯಾಲಾಕ್ ಸೀದಾ ಆಗಲ್ಲ ಅನ್ನುತ್ತದೆ. ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಕೊಡುತ್ತದೆ, ರ್ಯಾಮ್ ಇದ್ದರೆ. ಬೇಕಾದ ಪುಟ ಒಳಗೆ, ಬೇಡವಾದದ್ದು ಹೊರಗೆ. ಸುಗ್ಗಿಯಲ್ಲಿ ಕೂಡಿಸಿಟ್ಟ ಚಿತ್ರಗಳ ಮೇಲೆ ಒಮ್ಮೆ ಆರಂಭದಿಂದ ಕೊನೆಯವರೆಗೆ ಹಾಯ್ದು ಬಣ್ಣದ ಹಿಸ್ಟೋಗ್ರಾಂ ತೆಗೆಯುವಂಥ ಕೆಲಸಕ್ಕೆ ಇದು ಬೇಕಾದಷ್ಟು ಆಯಿತು. ಅದೇ ಡೇಟಾವನ್ನು ಅಲ್ಲೊಂದು ಇಲ್ಲೊಂದು ಮುಟ್ಟುತ್ತ ತಿರುತಿರುಗಿ ಬರುವ ಲೆಕ್ಕವಾದರೆ ಬೇಡ. ಪುಟಗಳು ಒಳಗೆ ಹೊರಗೆ ಓಡಾಡುವುದರಲ್ಲೇ ದಿನ ಮುಗಿಯುತ್ತದೆ, ಕಾರ್ಡಿನ ಫ್ಯಾನೂ ಸದ್ದು ಮಾಡುವುದಿಲ್ಲ, ಯಾಕಂದರೆ ಅದಕ್ಕೆ ಕೆಲಸವೇ ಇಲ್ಲ.

ಈ ಮೇಲಿನದೆಲ್ಲ ಉಬುಂಟುವಿನಂಥ ಲಿನಕ್ಸಿನ ಮಾತು. ವಿಂಡೋಸಿನಲ್ಲಿ ಇದರಲ್ಲಿ ಅರ್ಧ ಇಲ್ಲ. ಅಲ್ಲಿ ಮ್ಯಾನೇಜ್ಡ್ ಮೆಮೊರಿ ಇವತ್ತಿಗೂ ಪ್ಯಾಸ್ಕಲ್‌ಗಿಂತ ಹಿಂದಿನ ಕಾಲದ ಪದ್ಧತಿಯಲ್ಲಿ ನಡೆಯುತ್ತದೆ: ಕರ್ನಲ್ ಶುರುವಾಗುವ ಮುಂಚೆ ಡೇಟಾ ಒಟ್ಟಿಗೆ ಕಾರ್ಡಿಗೆ ಹೋಗುತ್ತದೆ, ಕಾರ್ಡಿನ ಮೆಮೊರಿಗಿಂತ ಹೆಚ್ಚು ಸಿಗುವುದಿಲ್ಲ, ಕರ್ನಲ್ ಓಡುತ್ತಿರುವಾಗ ಸಿಪಿಯು ಆ ಮೆಮೊರಿ ಮುಟ್ಟಿದರೆ ಪ್ರೋಗ್ರಾಂ ಬೀಳುತ್ತದೆ. ವಿಂಡೋಸಿನೊಳಗೆ ಡಬ್ಲ್ಯುಎಸ್‌ಎಲ್ ಹಾಕಿ ಉಬುಂಟು ತೆರೆದರೂ ಇದು ತಪ್ಪುವುದಿಲ್ಲ. ಕನ್‌ಕರಂಟ್‌ಮ್ಯಾನೇಜ್ಡ್‌ಆ್ಯಕ್ಸೆಸ್ ಅನ್ನುವ ಗುಣಲಕ್ಷಣವನ್ನು ಪ್ರೋಗ್ರಾಮಿನಿಂದಲೇ ಕೇಳಿ ನೋಡಬಹುದು: 1 ಬಂದರೆ ಪೂರ್ತಿ ಸೌಲಭ್ಯ, 0 ಬಂದರೆ ಹಳೆಯ ಪದ್ಧತಿ. ಎಪಿಎಂಸಿ ಸುತ್ತಮುತ್ತಲ ಅಂಗಡಿಗಳಲ್ಲಿ ಲೆಕ್ಕದ ಕಂಪ್ಯೂಟರು ಎಂದರೆ ವಿಂಡೋಸೇ. ಅದಕ್ಕೇ ಒಂದು ಕಾರ್ಡು ಸಿಕ್ಕಿಸಿ ಕೊಡ್ರಿ ಅಂತ ಕೇಳುವ ಗಿರಾಕಿಗೆ ನಾನು ಈಗ ಆಗಲ್ಲ ಅನ್ನುತ್ತೇನೆ.

ನಡುವೆ ಒಂದು ಮಾತು, ಕಾರ್ಡು ಕೊಳ್ಳಲು ಹೋಗುವವರಿಗೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 4 ಜಿಬಿ ಕಾರ್ಡಿನ ಲ್ಯಾಪ್‌ಟಾಪನ್ನು "12 ಜಿಬಿ ಗ್ರಾಫಿಕ್ಸ್ ಐತ್ರಿ ಮೇಡಂ" ಅಂತ ತೋರಿಸಿದರು. ಟಾಸ್ಕ್ ಮ್ಯಾನೇಜರ್ ತೆರೆದು ಪುರಾವೆಯನ್ನೂ ಕೊಟ್ಟರು. ಅಲ್ಲಿ ಬರೆದಿದ್ದದ್ದು ನಿಜವೇ: ಡೆಡಿಕೇಟೆಡ್ 4, ಶೇರ್ಡ್ 8, ಒಟ್ಟು 12. ಆ ಶೇರ್ಡ್ ಅನ್ನುವ 8 ನಿಮ್ಮದೇ 16 ಜಿಬಿ ರ್ಯಾಮ್‌ನ ಅರ್ಧ. ವಿಂಡೋಸ್ ಯಾವ ಕಾರ್ಡಿಗೂ ರ್ಯಾಮ್‌ನ ಅರ್ಧದಷ್ಟನ್ನು ಹಾಗೆ ತೋರಿಸುತ್ತದೆ. ಅದಕ್ಕೂ ಮ್ಯಾನೇಜ್ಡ್ ಮೆಮೊರಿಗೂ ಸಂಬಂಧವಿಲ್ಲ, ಅದನ್ನು ಕೂಡಿಸಿ ಬೆಲೆ ಕಟ್ಟುವುದಕ್ಕೆ ಅರ್ಥವೂ ಇಲ್ಲ. ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಅಪ್ಪಂದಿರು ಡೆಡಿಕೇಟೆಡ್ ಅನ್ನುವ ಸಾಲನ್ನಷ್ಟೇ ನೋಡಿ.

ಇನ್ನು ಬೋರ್ಡು. ಕಾರ್ಡಿರುವ ಡೆಸ್ಕ್‌ಟಾಪನ್ನು ಮೆಣಸಿನಕಾಯಿ ಗೋದಾಮಿನಲ್ಲಿ ಇಡುವುದೆಂದರೆ ಘಾಟು, ದೂಳು, ಬೇಸಿಗೆಯ ಕಾವು, ಆಗಾಗ ಹೋಗುವ ಕರೆಂಟು ಎಲ್ಲಕ್ಕೂ ತಯಾರಿರಬೇಕು. ಅದಕ್ಕೆ ಯಂತ್ರದೊಳಗೆ ಕೂರಿಸಲು ಜೆಟ್ಸನ್ ಓರಿನ್ ನ್ಯಾನೊ ಡೆವಲಪರ್ ಕಿಟ್ ತರಿಸಿದೆವು. 2024ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಇದರ ಬೆಲೆಯನ್ನು 499 ಡಾಲರಿನಿಂದ 249ಕ್ಕೆ ಇಳಿಸಿ, ಸೂಪರ್ ಅಂತ ಹೆಸರು ಸೇರಿಸಿ, ಮೆಮೊರಿಯ ವೇಗವನ್ನು ಸೆಕೆಂಡಿಗೆ 68 ಜಿಬಿಯಿಂದ 102ಕ್ಕೆ ಏರಿಸಿತು. ಹಳೆಯ ಕಿಟ್ ಇದ್ದವರಿಗೂ ಸಾಫ್ಟ್‌ವೇರ್ ಹಾಕಿಕೊಂಡರೆ ಆ ವೇಗ ಸಿಗುತ್ತದೆ. ಆರು ಆರ್ಮ್ ಕೋರ್, 1024 ಕುಡಾ ಕೋರ್, ಎಲ್ಲ ಸೇರಿ 25 ವ್ಯಾಟ್. ನಮ್ಮ ದೇಶಕ್ಕೆ ಬಂದು ಕೈಗೆ ಸಿಗುವಷ್ಟರಲ್ಲಿ 249 ಡಾಲರಿನ ಲೆಕ್ಕ ಮರೆತುಬಿಡಬೇಕು ಅನ್ನುವುದು ಬೇರೆ ಮಾತು.

ಈ ಬೋರ್ಡಿನಲ್ಲಿ ಸಿಪಿಯು, ಜಿಪಿಯು ಎರಡಕ್ಕೂ ಸೇರಿ ಇರುವುದು ಒಂದೇ 8 ಜಿಬಿ ಮೆಮೊರಿ. ನಡುವೆ ಪಿಸಿಐ ದಾರಿ ಇಲ್ಲ, ಕಾರ್ಡಿನ ಮೆಮೊರಿ ಅಂತ ಬೇರೆ ಇಲ್ಲ. "ಒಂದ ಮೆಮೊರಿ ಐತಿ ಅಂದ ಮ್ಯಾಲ ಕಾಪಿ ಯಾಕ ಮಾಡಬೇಕ್ರಿ?" ಅಂತ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಡೆಸ್ಕ್‌ಟಾಪಿನ ಪ್ರೋಗ್ರಾಮನ್ನು ಹಾಗೇ ತಂದು ಹಾಕಿದರೆ ಮೆಮ್‌ಕಾಪಿ ಅದೇ ಮೆಮೊರಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಫ್ರೇಮನ್ನು ನಕಲು ಮಾಡುತ್ತ ಕೂರುತ್ತದೆ. ಇರುವ 8 ಜಿಬಿಯಲ್ಲಿ ಉಬುಂಟು, ಅದರ ಕಿಟಕಿಗಳು, ನ್ಯೂರಲ್ ಮಾಡೆಲ್ ಎಲ್ಲ ಪಾಲು ಕೇಳುವಾಗ ಪ್ರತಿ ಬಫರಿಗೂ ಎರಡೆರಡು ಪ್ರತಿ ಇಡುವುದು ನಷ್ಟ. ಹಾಗಂತ ಎಲ್ಲ ಕಡೆ ಮ್ಯಾನೇಜ್ಡ್ ಹಾಕಿದರೆ ಮುಗಿಯಿತು ಅಂದುಕೊಳ್ಳುವ ಹಾಗೂ ಇಲ್ಲ. ಮೆಮೊರಿ ಒಂದೇ ಇದ್ದರೂ ಕ್ಯಾಶೆ, ಅಂದರೆ ಈಗಷ್ಟೇ ಓದಿದ್ದನ್ನು ಹತ್ತಿರ ಇಟ್ಟುಕೊಳ್ಳುವ ಸಣ್ಣ ವೇಗದ ಮೆಮೊರಿ, ಎರಡಿವೆ, ಸಿಪಿಯುದು ಬೇರೆ, ಜಿಪಿಯುದು ಬೇರೆ. ಈ ಬೋರ್ಡಿನಲ್ಲಿ ಆಟವೆಲ್ಲ ಕ್ಯಾಶೆಯದು.

ಕುಡಾಮ್ಯಾಲಾಕ್‌ನಿಂದ ತಗೊಂಡದ್ದು ಜಿಪಿಯು ಕ್ಯಾಶೆಗೆ ಬರುತ್ತದೆ, ಸಿಪಿಯು ಅದನ್ನು ಮುಟ್ಟುವಂತಿಲ್ಲ. ಕುಡಾಹೋಸ್ಟ್‌ಅಲಾಕ್‌ನಿಂದ ತಗೊಂಡ ಪಿನ್ಡ್ ಮೆಮೊರಿಯನ್ನು, ಅಂದರೆ ಜಾಗ ಬಿಟ್ಟು ಕದಲದಂತೆ ಕಟ್ಟಿಹಾಕಿದ ಮೆಮೊರಿಯನ್ನು, ಇಬ್ಬರೂ ಮುಟ್ಟಬಹುದು, ಓರಿನ್‌ನಂಥ ಹೊಸ ಚಿಪ್ಪುಗಳಲ್ಲಿ ಸಿಪಿಯು ಅದನ್ನು ತನ್ನ ಕ್ಯಾಶೆಯಲ್ಲಿ ಇಟ್ಟುಕೊಳ್ಳುತ್ತದೆ ಕೂಡ, ಆದರೆ ಜಿಪಿಯು ಇಟ್ಟುಕೊಳ್ಳುವುದಿಲ್ಲ. ಒಂದು ಪಿಕ್ಸೆಲನ್ನು ಒಂಬತ್ತು ಸಲ ಓದಿದರೆ ಒಂಬತ್ತು ಸಲವೂ ಮೂಲ ಮೆಮೊರಿಗೇ ಹೋಗಿ ಬರುತ್ತದೆ. ಮ್ಯಾನೇಜ್ಡ್ ಮೆಮೊರಿಯನ್ನು ಇಬ್ಬರೂ ಮುಟ್ಟಬಹುದು, ಇಬ್ಬರೂ ಕ್ಯಾಶೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ಕರ್ನಲ್ ಶುರುವಾಗುವಾಗ ಮತ್ತು ಮುಗಿದು ಸಿಂಕ್ರೊನೈಸ್ ಆಗುವಾಗ ಡ್ರೈವರು ಕ್ಯಾಶೆಗಳನ್ನು ಹೊಂದಿಸಬೇಕು. ಪುಟ ಹೊರುವ ಖರ್ಚು ಇಲ್ಲಿಲ್ಲ, ಹೊಂದಿಸುವ ಖರ್ಚಿದೆ.

ಸುಕ್ಕು ಹುಡುಕುವ ನಮ್ಮ ಕರ್ನಲ್ ಪ್ರತಿ ಪಿಕ್ಸೆಲಿಗೂ ಅದನ್ನು ಸೇರಿಸಿ ಸುತ್ತಲಿನ ಒಂಬತ್ತನ್ನೂ ಓದುತ್ತದೆ. ಪಿನ್ಡ್ ಮೆಮೊರಿಯ ಮೇಲೆ ಅದನ್ನು ಓಡಿಸಿದರೆ ತೆವಳುತ್ತಿತ್ತು. ಕೊನೆಗೆ ನಿಂತ ಏರ್ಪಾಡು ಇದು. ಕ್ಯಾಮೆರಾದ ಫ್ರೇಮು ನೇರವಾಗಿ ಪಿನ್ಡ್ ಬಫರಿಗೆ ಬೀಳುತ್ತದೆ. ಮೊದಲ ಕರ್ನಲ್ ಅದನ್ನು ಒಂದೇ ಒಂದು ಸಲ ಓದಿ, ಬಣ್ಣದ ನಮೂನೆ ಬದಲಿಸಿ, ಕುಡಾಮ್ಯಾಲಾಕ್ ಬಫರಿಗೆ ಬರೆಯುತ್ತದೆ. ಆ ಬದಲಾವಣೆ ಹೇಗೂ ಮಾಡಲೇಬೇಕಾದದ್ದು, ಹಾಗಾಗಿ ಸಾಗಣೆ ಪುಕ್ಕಟೆ ಆದಂತಾಯಿತು. ಸುಕ್ಕಿನ ಲೆಕ್ಕವೆಲ್ಲ ಆ ಎರಡನೇ ಬಫರಿನ ಮೇಲೆ. ಯಾವ ನಳಿಕೆ ಊದಬೇಕು ಅನ್ನುವ ಸಣ್ಣ ಪಟ್ಟಿ ಮತ್ತೆ ಪಿನ್ಡ್. ಬಣ್ಣದ ಕೋಷ್ಟಕ, ಆಕಾರದ ಮರಗಳು ಮ್ಯಾನೇಜ್ಡ್. ಅಂದರೆ ಮೂರೂ ಬಗೆ ಒಂದೇ ಪ್ರೋಗ್ರಾಮಿನಲ್ಲಿ. ಒಂದೇ ಪಾಯಿಂಟರಿನಲ್ಲಿ ಎಲ್ಲ ಮುಗಿಯುತ್ತದೆ ಅನ್ನುವ ಆಸೆಯಿಂದ ಹೊರಟವರಿಗೆ ಇದು ಸೋಲಿನ ಹಾಗೆ ಕಾಣಬಹುದು. ನನಗೆ ಹಾಗೆ ಅನ್ನಿಸಿಲ್ಲ.

ಇನ್ನೊಂದು ವಿಷಯ ಬೋರ್ಡು ಕೊಳ್ಳುವ ಮುಂಚೆ ತಿಳಿದಿರಲಿ. ಈ ಜೆಟ್ಸನ್ ಓರಿನ್ ಬೋರ್ಡಿನಲ್ಲಿ ಲಿನಕ್ಸೇ ಇದ್ದರೂ ಕನ್‌ಕರಂಟ್‌ಮ್ಯಾನೇಜ್ಡ್‌ಆ್ಯಕ್ಸೆಸ್ 0. ಕರ್ನಲ್ ಓಡುತ್ತಿರುವಾಗ ಮ್ಯಾನೇಜ್ಡ್ ಬಫರನ್ನು ಸಿಪಿಯು ಮುಟ್ಟಿದರೆ ಪ್ರೋಗ್ರಾಂ ಬೀಳುತ್ತದೆ, ಆ ಕರ್ನಲ್ ಆ ಬಫರನ್ನು ಬಳಸುತ್ತಿರದಿದ್ದರೂ ಸಹ. 3060ರ ಮೇಲೆ ಸುಸೂತ್ರ ಓಡುತ್ತಿದ್ದ ಪ್ರೋಗ್ರಾಂ ಇಲ್ಲಿ ಸತ್ತುಬಿದ್ದಾಗ ಹುಡುಗ ಬೋರ್ಡೇ ಕೆಟ್ಟಿದೆ ಅಂದ. ಕೆಟ್ಟಿರಲಿಲ್ಲ. ಪ್ರಿಫೆಚ್ ಕೂಡ ಇಲ್ಲಿ ನಡೆಯುವುದಿಲ್ಲ. ಬದಲಿಗೆ ಕುಡಾಸ್ಟ್ರೀಮ್‌ಅಟ್ಯಾಚ್‌ಮೆಮ್‌ಅಸಿಂಕ್ ಅಂತ ಒಂದಿದೆ: ಈ ಬಫರು ಈ ಸ್ಟ್ರೀಮಿಗೆ (ಜಿಪಿಯು ಕೆಲಸಗಳ ಒಂದು ಸಾಲಿಗೆ) ಮಾತ್ರ ಸೇರಿದ್ದು, ಅಥವಾ ಸದ್ಯ ಸಿಪಿಯುಗೆ ಮಾತ್ರ ಸೇರಿದ್ದು ಅಂತ ಹೇಳಿಡಬಹುದು. ಹಾಗೆ ಹೇಳಿದ ಮೇಲೆ ಒಂದು ಬಫರಿನ ಮೇಲೆ ಜಿಪಿಯು, ಇನ್ನೊಂದರ ಮೇಲೆ ಸಿಪಿಯು ಒಟ್ಟಿಗೆ ಕೆಲಸ ಮಾಡಬಹುದು, ಕ್ಯಾಶೆ ಹೊಂದಿಸುವ ಕೆಲಸವೂ ಬೇಕಾದಷ್ಟಕ್ಕೇ ಆಗುತ್ತದೆ. ಅಚ್ಚುಕಟ್ಟಾದ ಸೌಲಭ್ಯ, ಹೆಸರು ಮಾತ್ರ ಬಾಯಲ್ಲಿ ಹೊರಳುವುದಿಲ್ಲ.

ಬೋರ್ಡಿನ ಉಳಿದ ಗುಣ ಚಿಕ್ಕದಾಗಿ: ವಿಡಿಯೊ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇದರಲ್ಲಿಲ್ಲ, ಹಾಗಾಗಿ ಬೆಲ್ಟಿನ ರೆಕಾರ್ಡಿಂಗ್ ಇಡಬೇಕೆಂದರೆ ಸಿಪಿಯುಗೆ ಭಾರ. ಎಸ್‌ಡಿ ಕಾರ್ಡಿನಿಂದ ಓಡಿಸಬೇಡಿ, ಎನ್‌ವಿಎಂಇ ಹಾಕಿ. ಉಬುಂಟುವಿನ ಡೆಸ್ಕ್‌ಟಾಪ್ ಕಿಟಕಿಗಳನ್ನು ಬಂದ್ ಮಾಡಿದರೆ ಮೆಮೊರಿ ಉಳಿಯುತ್ತದೆ, ಇಲ್ಲಿ ಉಳಿದ ಪ್ರತಿ ಎಂಬಿಯೂ ಜಿಪಿಯುದೇ.

ಬೇರೆ ಕಂಪನಿಯ ಚಿಪ್ಪು ಬಳಸುವವರಿಗೂ ಇದೇ ಮಾದರಿ ಬೇರೆ ಹೆಸರಿನಲ್ಲಿ ಸಿಗುತ್ತದೆ. ಎಎಮ್‌ಡಿಯ ಹಿಪ್‌ನಲ್ಲಿ ಹಿಪ್‌ಮ್ಯಾಲಾಕ್‌ಮ್ಯಾನೇಜ್ಡ್, ಸಿಕಲ್ 2020ರಲ್ಲಿ ಮ್ಯಾಲಾಕ್‌ಶೇರ್ಡ್, ಓಪನ್‌ಸಿಎಲ್ 2.0ದಲ್ಲಿ ಶೇರ್ಡ್ ವರ್ಚುವಲ್ ಮೆಮೊರಿ. ನಾನು ಅವುಗಳ ಮೇಲೆ ಯಂತ್ರ ಕಟ್ಟಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಎನ್‌ವಿಡಿಯಾದಲ್ಲೇ 2023ರಿಂದ ಇನ್ನೊಂದು ದಾರಿ ತೆರೆದಿದೆ: ಕುಡಾ 12.2, ಓಪನ್ ಸೋರ್ಸ್ ಡ್ರೈವರ್, ಸಾಕಷ್ಟು ಹೊಸ ಲಿನಕ್ಸ್, ಟ್ಯೂರಿಂಗ್ ತಲೆಮಾರಿನ ಅಥವಾ ಅದರ ನಂತರದ ಕಾರ್ಡು ಇದ್ದರೆ ಸಾದಾ ಮ್ಯಾಲಾಕ್ ಮಾಡಿದ ಮೆಮೊರಿಯನ್ನೇ ಜಿಪಿಯು ಮುಟ್ಟಬಹುದು. ಕುಡಾಮ್ಯಾಲಾಕ್‌ಮ್ಯಾನೇಜ್ಡ್ ಎಂಬ ಹೆಸರೂ ಬೇಡ. ಕಲಿಸುವ ಮೇಷ್ಟ್ರುಗಳಿಗೆ ಖುಷಿಯ ಸುದ್ದಿ, ಆದರೆ ಕಾರ್ಡು ಪಿಸಿಐ ದಾರಿಯ ಆಚೆಗೇ ಇರುವ ತನಕ ಚೀಲ ಹೊರುವುದು ತಪ್ಪಿದ್ದಲ್ಲ. ಗ್ರೇಸ್ ಹಾಪರ್‌ನಲ್ಲಿ ಸಿಪಿಯು, ಜಿಪಿಯು ಎರಡೂ ಚಿಪ್ಪಿನ ನಡುವೆ ಸೆಕೆಂಡಿಗೆ 900 ಜಿಬಿಯ ಕೊಂಡಿ ಇದೆ, ಕ್ಯಾಶೆಗಳನ್ನು ಹಾರ್ಡ್‌ವೇರೇ ಹೊಂದಿಸುತ್ತದೆ. ಅದು ಡೇಟಾ ಸೆಂಟರಿನವರ ಮಾತು, ಗೋಕುಲ ರೋಡಿನದಲ್ಲ.

ಯಾರಿಗೆ ಏನು ಅಂತ ಕೇಳಿದರೆ: ಕಾಲೇಜಿನಲ್ಲಿ ಪ್ಯಾರಲಲ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದರೆ ಹಳೆಯ ಎನ್‌ವಿಡಿಯಾ ಕಾರ್ಡಾದರೂ ಸಾಕು, ಉಬುಂಟು ಹಾಕಿ ಮ್ಯಾನೇಜ್ಡ್‌ನಿಂದಲೇ ಶುರು ಮಾಡಿ, ಮೆಮ್‌ಕಾಪಿ ಆಮೇಲೆ ಕಲಿಯಿರಿ. ಕ್ಯಾಮೆರಾದಿಂದ ಹೊಸ ಹೊಸ ಫ್ರೇಮು ಬರುತ್ತಲೇ ಇರುವ ಕೆಲಸವಾದರೆ, ಕಾರ್ಡಿನ ಮೇಲೆ ಮೆಮ್‌ಕಾಪಿ, ಬೋರ್ಡಿನ ಮೇಲೆ ಪಿನ್ಡ್. ಒಮ್ಮೆ ತುಂಬಿ ಸಾವಿರ ಸಲ ಓದುವ ಡೇಟಾಕ್ಕೆ ಎರಡರ ಮೇಲೂ ಮ್ಯಾನೇಜ್ಡ್. ಕೊಳ್ಳುವ ಮುಂಚೆ ಓದಬೇಕಾದದ್ದು ಕುಡಾ ಪ್ರೋಗ್ರಾಮಿಂಗ್ ಗೈಡಿನ ಯೂನಿಫೈಡ್ ಮೆಮೊರಿ ಅಧ್ಯಾಯ. ಬೋರ್ಡು ತಗೊಳ್ಳುವವರು ಅದನ್ನು ನಂಬಿ ಕೂರದೆ ಕುಡಾ ಫಾರ್ ಟೆಗ್ರಾ (ಟೆಗ್ರಾ ಅಂದರೆ ಜೆಟ್ಸನ್ನಿನ ಚಿಪ್ಪಿನ ಕುಟುಂಬ) ಅನ್ನುವ ಬೇರೆ ಕೈಪಿಡಿ ತೆರೆಯಬೇಕು. ಯಾವ ಮೆಮೊರಿ ಯಾರ ಕ್ಯಾಶೆಗೆ ಬರುತ್ತದೆ ಅನ್ನುವ ಕೋಷ್ಟಕ ಅದರಲ್ಲಿದೆ. ನಾವು ಅದರ ಪ್ರಿಂಟ್ ತೆಗೆದು ಯಂತ್ರದ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ.